ಕೊನೆಯ ನಿಲ್ದಾಣದ ಕಾವಲು

ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಸೀಟು ಸಿಕ್ಕವರು ತೂಕಡಿಸುತ್ತಾರೆ, ಸಿಗದವರು ಮೊಬೈಲು ನೋಡುತ್ತಾರೆ. ನಾನು ಪೇಪರಿನ ಅಂಚಿನಲ್ಲಿ ಚುಕ್ಕಿಯಿಟ್ಟು ಗೆರೆ ಎಳೆಯುತ್ತೇನೆ. "ಸುಡೋಕುನಾ ಸಾರ್?" ಎಂದವರಿಗೆ ಹೂಂ ಅಂದುಬಿಡುವುದು ಸುಲಭ.

ಚುಕ್ಕಿ ಎಂದರೆ ನಿಲ್ದಾಣ, ಗೆರೆ ಎಂದರೆ ಹಳಿ. ಒಂದು ನಿಲ್ದಾಣದಲ್ಲಿ ಯಾರೋ ಅಡಗಿದ್ದಾರೆ. ನಾವು ಕೂರಿಸಿದ ಕಾವಲುಗಾರರು 'ನನ್ನಿಂದ ಇಷ್ಟು ನಿಲ್ದಾಣ ದೂರ' ಎಂದಷ್ಟೇ ಹೇಳುತ್ತಾರೆ. ಅಷ್ಟರಿಂದಲೇ ಜಾಗ ಪತ್ತೆಯಾಗಬೇಕು, ಕಾವಲುಗಾರರೂ ಆದಷ್ಟು ಕಡಿಮೆಯಿರಬೇಕು.

ಬಂಗಾರಪೇಟೆಯವರೆಗೆ ಒಬ್ಬನೇ ಸಾಕು, ಮಾರಿಕುಪ್ಪಂನಲ್ಲಿ ಕೂತರೆ. ಒಂದು ಎಂದರೆ ಚಾಂಪಿಯನ್, ಎರಡು ಊರಿಗಾಂ, ಮೂರು ಕೋರಮಂಡಲ್, ನಾಲ್ಕು ಬೆಮೆಲ್ ನಗರ, ಐದು ಬಂಗಾರಪೇಟೆ. ಅವನನ್ನೇ ಊರಿಗಾಂಗೆ ವರ್ಗ ಮಾಡಿದರೆ ಕೆಟ್ಟಿತು: 'ಒಂದು' ಎಂದರೆ ಚಾಂಪಿಯನ್ನೋ ಕೋರಮಂಡಲೋ?

ರುಚಿ ಹತ್ತುವುದು ಬಂಗಾರಪೇಟೆಯಲ್ಲಿ. ಅಲ್ಲಿಂದ ನಾಲ್ಕು ಕವಲು: ಮಾರಿಕುಪ್ಪಂ, ಕೋಲಾರ, ಮಾಲೂರು, ಕುಪ್ಪಂ. (ಕೋಲಾರದ ಹಳಿ ಚಿಕ್ಕಬಳ್ಳಾಪುರ, ಯಲಹಂಕ ಬಳಸಿ ಬೆಂಗಳೂರು ಸೇರುತ್ತದೆ, ನಾನು ಕೋಲಾರದಲ್ಲೇ ಕತ್ತರಿಸಿದ್ದೇನೆ. ಪೇಪರಿನ ಮೇಲೆ ರೈಲ್ವೆ ಮಂತ್ರಿ ನಾನೇ.) ಮಾರಿಕುಪ್ಪಂನವನು 'ಆರು' ಎಂದರೆ ಈಗ ಮೂರು ಕಡೆ ಅನುಮಾನ. ಜಂಕ್ಷನ್ನಿನಲ್ಲೇ ಒಬ್ಬನನ್ನು ಇಡೋಣವೆಂದರೆ ಅವನಷ್ಟು ದಂಡ ಇನ್ನೊಬ್ಬನಿಲ್ಲ. ನಾಲ್ಕು ದಿಕ್ಕೂ ಅವನಿಗೆ ಒಂದೇ. ಮೂರು ತುದಿಗಳಲ್ಲಿ ಮೂವರು ಬೇಕು. ಇಬ್ಬರಲ್ಲಿ ಮುಗಿಯದು: ಕಾವಲಿಲ್ಲದ ಕವಲು ಎರಡು ಉಳಿದರೆ ಅವುಗಳ ಮೊದಲ ನಿಲ್ದಾಣಗಳು ಎಲ್ಲರಿಗೂ ಸಮದೂರ.

ಕಾವಲಿನ ಈ ಲೆಕ್ಕವನ್ನು ಪೀಟರ್ ಸ್ಲೇಟರ್ 1975ರಲ್ಲಿ 'ಲೀವ್ಸ್ ಆಫ್ ಟ್ರೀಸ್' ಎಂಬ ಲೇಖನದಲ್ಲಿ ಬರೆದರು. ಮರುವರ್ಷ ಹರಾರಿ ಮತ್ತು ಮೆಲ್ಟರ್ ತಮ್ಮಷ್ಟಕ್ಕೆ ಅದನ್ನೇ ಕಂಡುಕೊಂಡು, ಬೇಕಾದ ಕನಿಷ್ಠ ಕಾವಲುಗಾರರ ಸಂಖ್ಯೆಯನ್ನು 'ಮೆಟ್ರಿಕ್ ಡೈಮೆನ್ಷನ್' ಎಂದರು. ನಮ್ಮ ಕೆಜಿಎಫ್‌ಗೆ ಇದರ ದಾಯಾದಿ ಲೆಕ್ಕ ಹೊಸದಲ್ಲ. ಗಣಿಯಾಳದಲ್ಲಿ ಬಂಡೆ ಸಿಡಿದು 'ಏರ್ ಬ್ಲಾಸ್ಟ್' ಆದಾಗ, ಬೇರೆಬೇರೆ ಕಡೆಯ ಭೂಕಂಪಮಾಪಕಗಳಿಗೆ ಅಲೆ ಮುಟ್ಟಿದ ವೇಳೆ ನೋಡಿ ಸಿಡಿದ ಜಾಗ ಹುಡುಕುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು.

ಶಾಫ್ಟಿನ ಮೇಲಿನ ಚಕ್ರಗಳನ್ನು ನೋಡಿ ಬೆಳೆದವನಿಗೆ ಚಕ್ರದ ಲೆಕ್ಕವೇ ಹೆಚ್ಚು ಇಷ್ಟ. ನಡುವೆ ಒಂದು ಚುಕ್ಕಿ, ಸುತ್ತ ಹಲವು. ನಡುವಿನದಕ್ಕೆ ಎಲ್ಲರ ಜೊತೆಗೂ, ಸುತ್ತಿನದಕ್ಕೆ ನಡುವಿನ ಜೊತೆಗೂ ಅಕ್ಕಪಕ್ಕದವರ ಜೊತೆಗೂ ಗೆರೆ. ಇದನ್ನು ಬಿಡಿಸಿದವರು ಷಣ್ಮುಖ, ಬೆಂಗಳೂರಿನ ಬಿ. ಸೂರ್ಯನಾರಾಯಣ ಮತ್ತು ಹರಿನಾಥ್, 2002ರಲ್ಲಿ. ಸುತ್ತಿನಲ್ಲಿ ಏಳು ಅಥವಾ ಹೆಚ್ಚು ಚುಕ್ಕಿಯಿದ್ದರೆ, ಆ ಸಂಖ್ಯೆಯನ್ನು ಇಮ್ಮಡಿಸಿ ಎರಡು ಕೂಡಿಸಿ ಐದರಿಂದ ಭಾಗಿಸಿ ಶೇಷ ಬಿಡಿ, ಬಂದಷ್ಟು ಕಾವಲುಗಾರರು ಬೇಕು. ನಟ್ಟನಡುವೆ ಕೂತವನು ಇಲ್ಲೂ ದಂಡ. ಯಾವ ಚುಕ್ಕಿಯ ಬಗ್ಗೆ ಕೇಳಿದರೂ 'ಒಂದು' ಎನ್ನುತ್ತಾನೆ.

ಗಡಿಯಾರದ ಮುಖ ಬರೆದು ನೋಡಿ, ಹನ್ನೆರಡು ಚುಕ್ಕಿ. 12, 3, 6, 9ರಲ್ಲಿ ನಾಲ್ವರನ್ನು ಕೂರಿಸಿದರೆ ಚೆಂದ ಕಾಣುತ್ತದೆ, ಆದರೆ ಪ್ರತಿಯೊಬ್ಬನ ಎಡಬಲದ ಚುಕ್ಕಿಗಳೆರಡೂ ಒಂದೇ ಉತ್ತರ ಕೊಟ್ಟು ಕೈಕೊಡುತ್ತವೆ. ಸೂತ್ರ ಕೇಳುವುದು ಐವರನ್ನು: 12, 4, 6, 8, 10. ಒಂದು ಕಡೆ ಮೂರು ಚುಕ್ಕಿಗಳ ಖಾಲಿ, ಉಳಿದ ಕಡೆ ಒಂದೊಂದು. ಸೊಟ್ಟಗಿದೆ, ನಿಜ. 2 ಮಾತ್ರ ಯಾರ ಪಕ್ಕದಲ್ಲೂ ಇಲ್ಲ. ಐವರೂ 'ಎರಡು' ಎಂದರೆ ಅಡಗಿದವನು ಅಲ್ಲೇ.