ಹಂಪೆಯನ್ನು ಕಳೆದುಕೊಂಡ ಬಳ್ಳಾರಿ

ಬಳ್ಳಾರಿ ಜಿಲ್ಲೆಯೆಂದರೆ ಹಂಪೆ ಎಂದು ತಿಳಿಯುವುದು ನಾಡಿನವರಿಗೆ ಬಹುಕಾಲದ ರೂಢಿ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆ ಬೇರೆಯಾಯಿತು. ಹಂಪೆಯೂ ಅದರೊಡನೆ ಹೋಯಿತು. ಇನ್ನು ಬಳ್ಳಾರಿಗೆ ಉಳಿದುದು ಬಿಸಿಲು, ಕೆಂಧೂಳು, ಅದಿರಿನ ಲಾರಿಗಳು ಮಾತ್ರವೇ? ಹಾಗೆಂದುಕೊಳ್ಳುವವರು ಒಂದೆರಡು ದಿನಗಳ ಬಿಡುವು ಮಾಡಿಕೊಂಡು ಈ ಊರಿನಲ್ಲಿ ಇಳಿಯಬೇಕು.

ಇಳಿದವರ ಕಣ್ಣಿಗೆ ಮೊದಲು ಬೀಳುವುದು ಕೋಟೆಯ ಬೆಟ್ಟ. ಒಂದೇ ಬಂಡೆಯನ್ನು ನೆಲದ ಮೇಲೆ ಕವುಚಿ ಇಟ್ಟಂತೆ ಅದರ ನಿಲವು. ಮೇಲಣ ಕೋಟೆಯನ್ನು ವಿಜಯನಗರದ ಕಾಲದ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದನು. ಕೆಳಗಣ ಕೋಟೆ ಹೈದರಾಲಿಯದು. ಅದನ್ನು ರಚಿಸಿದ ಫ್ರೆಂಚ್ ಇಂಜಿನಿಯರನು ಎದುರಿನ ಕುಂಬಾರ ಗುಡ್ಡ ಇನ್ನೂ ಎತ್ತರವಾಗಿದೆಯೆಂಬುದನ್ನು ಗಮನಿಸಲಿಲ್ಲವೆಂದೂ, ಆ ತಪ್ಪಿಗೆ ಹೈದರನು ಅವನನ್ನು ಗಲ್ಲಿಗೇರಿಸಿದನೆಂದೂ ಜನರು ಇಂದಿಗೂ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಕುಂಬಾರ ಗುಡ್ಡವಂತೂ ಅಲ್ಲಿಯೇ ಇದೆ. ಮೆಟ್ಟಿಲೇರಿದವರಿಗೆ ಬಂಡೆಯ ಬಿರುಕುಗಳಲ್ಲಿ ಮಳೆಯ ನೀರು ಹಿಡಿದಿಟ್ಟ ಹೊಂಡಗಳು ಕಾಣುತ್ತವೆ. ಇಂಥ ಬಿಸಿಲ ನಾಡಿನಲ್ಲಿ ಕೋಟೆಯನ್ನು ಕಾದದ್ದು ಫಿರಂಗಿಗಿಂತ ಹೆಚ್ಚಾಗಿ ಈ ನೀರೇ ಇರಬೇಕು.

ಆದರೆ ಬಳ್ಳಾರಿಯ ನಿಜವಾದ ಹೆಮ್ಮೆ ಕೋಟೆಯಲ್ಲ, ರಂಗಸ್ಥಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಊರಿನಲ್ಲಿ ಇಬ್ಬರು ನಾಟಕಕಾರರು ಎರಡು ಸಭೆಗಳನ್ನು ನಡೆಸುತ್ತಿದ್ದರು: ಧರ್ಮವರಂ ಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ ಒಂದು, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ ಮತ್ತೊಂದು. ಆಂಧ್ರ ನಾಟಕ ಪಿತಾಮಹನೆಂದು ತೆಲುಗರು ಇಂದಿಗೂ ಗೌರವಿಸುವ ಕೃಷ್ಣಮಾಚಾರ್ಯರು ಬಾಳಿದುದು ಕನ್ನಡದ ಈ ನೆಲದಲ್ಲಿ. ಅವರ ಸೋದರಳಿಯನೇ ಬಳ್ಳಾರಿ ರಾಘವ. ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ನಟರು. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಅಭಿನಯಿಸಿದವರು. ಶ್ರೀನಿವಾಸರಾಯರ ನಾಟಕದ ಪಠಾಣ ರುಸ್ತುಮನ ಪಾತ್ರ ಅವರಿಗೆ ದೊಡ್ಡ ಕೀರ್ತಿಯನ್ನು ತಂದಿತು. ಇಂಗ್ಲೆಂಡಿಗೆ ಹೋದಾಗ ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು. ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಬೇಕೆಂದು ವಾದಿಸಿದರು. ಅಂದಿನ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. 1946ರಲ್ಲಿ ತೀರಿಕೊಂಡ ಅವರ ಹೆಸರನ್ನು ನಗರದ ರಾಘವ ಕಲಾಮಂದಿರ ಇಂದಿಗೂ ಹೊತ್ತಿದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಉಳಿದುವು. ನೆಲವನ್ನು ಹೀಗೆ ಗೆರೆಯೆಳೆದು ಹಂಚಬಹುದು, ರಾಘವರನ್ನು ಹಂಚುವುದು ಹೇಗೆ? ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಅವರಿಗೆ ಇನ್ನಷ್ಟು ವಿಶಾಲವಾದ ಎಡೆ ಸಲ್ಲಬೇಕಾಗಿದೆ. ಅವರ ಬಳಿಕವೂ ಊರಿನ ರಂಗ ಬರಿದಾಗಲಿಲ್ಲ. ಸಮೀಪದ ಜೋಳದರಾಶಿಯ ದೊಡ್ಡನಗೌಡರು ಗಮಕಕ್ಕೂ ನಾಟಕಕ್ಕೂ ಬಾಳನ್ನು ಮೀಸಲಿಟ್ಟರು. ‘ರಕ್ತರಾತ್ರಿ’ಯ ದ್ರೌಪದಿಯಾಗಿ ಸುಭದ್ರಮ್ಮ ಮನ್ಸೂರು ಹಾಡಿದರೆ ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ಅವರು 2020ರಲ್ಲಿ ಅಗಲಿದರು. ತೊಗಲುಗೊಂಬೆಗಳಿಂದ ಗಾಂಧೀಜಿಯ ಕಥೆಯಾಡಿಸಿದ ಬೆಳಗಲ್ಲು ವೀರಣ್ಣನವರು 2023ರಲ್ಲಿ.

ನಗರಕ್ಕೆ ಹತ್ತಿರದಲ್ಲಿಯೇ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಿವೆ. ಇಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಮಾಡಿದರು, ದನ ಸಾಕಿದರು, ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ ಹೋರಿಗಳನ್ನು ಕುಟ್ಟಿ ಚಿತ್ರಿಸಿದರು. 1892ರಷ್ಟು ಹಿಂದೆಯೇ ಫಾಸೆಟ್ ಎಂಬ ಅಧಿಕಾರಿ ಇವುಗಳ ವಿಷಯ ಬರೆದನು. ಇನ್ನೊಂದು ಸೋಜಿಗವುಂಟು: ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ, ತಟ್ಟಿ ತಟ್ಟಿ ಬಿದ್ದ ಗುಳಿಗಳು ಅವುಗಳ ಮೈಮೇಲಿವೆ. ಬಳ್ಳಾರಿಯ ಮೊದಲ ರಂಗಸಂಗೀತ ಇದೇ ಎಂದರೆ ಅತಿಶಯೋಕ್ತಿಯಾಗದು. ಸಾವಿರಾರು ವರ್ಷ ಮಳೆಗಾಳಿಗೆ ಬಗ್ಗದ ಈ ಗುಡ್ಡಗಳನ್ನು ಕಲ್ಲುಗಣಿಯ ಸಿಡಿಮದ್ದು ಕೆಲವೇ ವರ್ಷಗಳಲ್ಲಿ ಘಾಸಿಗೊಳಿಸಿತು. ಗುಡಿ ಬಿದ್ದರೆ ಮತ್ತೆ ಕಟ್ಟಬಹುದು. ಒಡೆದ ಬಂಡೆಯ ನಾದವನ್ನು ಯಾವ ಜೀರ್ಣೋದ್ಧಾರವೂ ಹಿಂದಿರುಗಿಸಲಾರದು.

ಬಳ್ಳಾರಿಯಿಂದ ವಾಯವ್ಯಕ್ಕೆ ಸುಮಾರು 28 ಕಿಲೋಮೀಟರು ಹೋದರೆ ಕುರುಗೋಡು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಕೈಕೆಳಗೆ ಬಳ್ಳಕುಂದೆ ನಾಡನ್ನು ಆಳಿದ ಸಿಂದರ ರಾಜಧಾನಿಯಿದು. ಬೆಟ್ಟದಡಿಯ ಹಳೆಯ ಗುಡಿಗಳು ಮೌನವಾಗಿವೆ. ಜನಸಂದಣಿಯೆಲ್ಲ ದೊಡ್ಡಬಸವೇಶ್ವರನ ಸನ್ನಿಧಿಯಲ್ಲಿ. ಶಿವನ ಮುಂದೆ ಕುಳಿತು ಕಾಯುವ ನಂದಿ ಇಲ್ಲಿ ತಾನೇ ದೇವರಾಗಿ ಏಕಶಿಲೆಯಲ್ಲಿ ಆಳೆತ್ತರ ಮೀರಿ ಕುಳಿತಿದ್ದಾನೆ.

ಅಲ್ಲಿಂದ ಸಿರುಗುಪ್ಪದ ಕಡೆಗೆ ಹೊರಟರೆ ತೆಕ್ಕಲಕೋಟೆ. ಇಲ್ಲಿನ ಬೆಟ್ಟಗಳ ಮೇಲೆ ಡಾ. ಎಂ. ಎಸ್. ನಾಗರಾಜರಾಯರು 1960ರ ದಶಕದಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ನೆಲೆಯೊಂದನ್ನು ಬೆಳಕಿಗೆ ತಂದರು. ಮುಂದೆ ತುಂಗಭದ್ರೆಯ ನೀರು, ಭತ್ತದ ಗದ್ದೆ, ಅಕ್ಕಿಯ ಗಿರಣಿಗಳು. ಸಿರಿಯ ಕುಪ್ಪೆಯೇ ಸಿರುಗುಪ್ಪವಾಯಿತೆಂದು ಹೇಳುವುದುಂಟು. ಗದ್ದೆಗಳನ್ನು ನೋಡಿದವರು ಅದನ್ನು ಅಲ್ಲಗಳೆಯಲಾರರು.

ಈ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ 1970ರ ದಶಕದ ಕೊನೆಯಲ್ಲಿ ಅಶೋಕನ ಶಾಸನಗಳು ದೊರೆತುವು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಆ ಚಕ್ರವರ್ತಿ ತನ್ನನ್ನು ಬಹುಮಟ್ಟಿಗೆ ದೇವಾನಾಂಪ್ರಿಯನೆಂದೇ ಕರೆದುಕೊಂಡನಷ್ಟೆ. 1915ರಲ್ಲಿ ಮಸ್ಕಿಯ ಬಂಡೆ ದೊರೆತ ಮೇಲೆಯೇ ಆ ಬಿರುದಿನ ಹಿಂದಿನ ಹೆಸರು ನಿಶ್ಚಯವಾಯಿತು. ಅವನ ಧರ್ಮಾಜ್ಞೆಗಳಲ್ಲಿ ‘ಅಶೋಕ’ ಎಂಬ ಹೆಸರು ಕೊರೆದಿರುವ ಬಂಡೆಗಳು ಇಡೀ ದೇಶದಲ್ಲಿ ದೊರೆತಿರುವುದು ನಾಲ್ಕು ಊರುಗಳಲ್ಲಿ: ಮಸ್ಕಿ, ಮಧ್ಯಪ್ರದೇಶದ ಗುಜರ್ರಾ, ನಿಟ್ಟೂರು, ಉಡೇಗೋಳ. ನಾಲ್ಕರಲ್ಲಿ ಎರಡು ಸಿರುಗುಪ್ಪ ತಾಲ್ಲೂಕಿನವು. ಹಂಪೆಯಲ್ಲಿ ವಿಜಯನಗರದ ಅರಮನೆ ಏಳುವುದಕ್ಕೆ ಸುಮಾರು 1600 ವರ್ಷಗಳ ಮೊದಲೇ ಉಳಿ ಇಲ್ಲಿ ಬಂಡೆಯ ಮೇಲೆ ಆ ಹೆಸರನ್ನು ಕೊರೆದಿತ್ತು.