ಹುಲ್ಲು ಕತ್ತರಿಸುವ ರೋಬೋ ಮತ್ತು ನಮ್ಮ ತೆಂಗಿನ ನೆರಳು

ತುಮಕೂರಿನಲ್ಲಿ ಹುಲ್ಲು ಕತ್ತರಿಸುವ ರೋಬೋ ಕೊಳ್ಳುವ ಯೋಚನೆ ಇದ್ದವರು ಬೆಲೆಗಿಂತ ಮೊದಲು ತಲೆಯೆತ್ತಿ ಮರ ನೋಡಬೇಕು. ತಂತಿಯಿಲ್ಲದ ಹೊಸ ಮಾದರಿಗಳಲ್ಲಿ ಹಲವು ಉಪಗ್ರಹದ ಸಂಕೇತ ಹಿಡಿದು ದಾರಿ ಕಾಣುತ್ತವೆ. ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ತೆಂಗು, ಮಾವು ದಟ್ಟವಾಗಿದ್ದರೆ ಆ ಸಂಕೇತ ತಡವರಿಸುತ್ತದೆ. ಅಂಥಲ್ಲಿ ಅಂಚಿಗೆ ತಂತಿ ಹೂಳುವ ಹಳೆಯ ಬಗೆಯೇ ಅಗ್ಗ, ನಂಬಿಕಸ್ತ. ಗುದ್ದಲಿ ತಾಗಿ ತಂತಿ ತುಂಡಾಗದಂತೆ ನೋಡಿಕೊಂಡರಾಯಿತು.

ಈ ಯಂತ್ರದ ಅಲಗು ಕ್ಷೌರದ ಬ್ಲೇಡಿನಂತೆ ತೆಳು. ದಿನವೂ ತುದಿ ಸವರುವುದು ಅದರ ಕೆಲಸ. ಮಳೆಗೆ ಮೊಣಕಾಲೆತ್ತರ ಬೆಳೆದ ಕಳೆ ಅದಕ್ಕಾಗದು. ಬಿದ್ದ ಗರಿಯನ್ನೂ ದಾಟಲಾರದು. ತೋಟದ ಕಳೆಗೆ ಬ್ರಷ್ ಕಟರೇ ಸರಿ.

ಮೂವತ್ತು-ನಲವತ್ತರ ಸೈಟೆಂದರೆ ಒಟ್ಟು 1,200 ಚದರಡಿ. ಮನೆ ಕಟ್ಟಿ ಉಳಿದ ಹುಲ್ಲಿಗೆ ಕೈಯಲ್ಲಿ ತಳ್ಳುವ ಯಂತ್ರ ಧಾರಾಳ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೇಸಿಗೆಯಲ್ಲಿ ಆ ಹುಲ್ಲಿಗೆ ನೀರೆಲ್ಲಿಂದ ಎಂಬುದನ್ನೂ ಯೋಚಿಸಿ.

ದೊಡ್ಡ ಅಂಗಳವಿದ್ದು ಕೊಂಡೇ ಕೊಳ್ಳುವುದಾದರೆ, ಬಿಡಿಭಾಗ, ಬ್ಯಾಟರಿ, ರಿಪೇರಿ ಹತ್ತಿರದಲ್ಲಿ ಸಿಗುತ್ತವೆಯೇ ಕೇಳಿ. ರಾತ್ರಿ ಮಾತ್ರ ಓಡಿಸಬೇಡಿ. ಕಪ್ಪೆಗಳು ಹುಲ್ಲಿಗಿಳಿಯುವ ಹೊತ್ತದು.