ಚಿತ್ರ ಚಿಕ್ಕದಾಗಲಿ, ಹೆಸರು ಉಳಿಯಲಿ



ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಜಾಲತಾಣದಲ್ಲಿ 1985ರಿಂದ 2018ರವರೆಗಿನ ಹತ್ತನೆಯ ತರಗತಿಯ 34 ಸಮೂಹ ಚಿತ್ರಗಳಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಇಷ್ಟು ವರ್ಷ ಎಷ್ಟು ಹುಡುಕಿದರೂ ಸಿಗದಿದ್ದ ಚಿತ್ರಗಳು ಈಗ ಗೂಗಲ್‌ನಲ್ಲಿ ಹೇಗೆ ಸಿಗುತ್ತಿವೆ ಎಂದು ಕೆಲವರು ಕೇಳಿದ್ದೀರಿ. ಅದರ ಕಥೆಯನ್ನು ಇಂದು ಬರೆಯುತ್ತಿದ್ದೇನೆ. ಗಣಿತದ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಗಣಕಯಂತ್ರದ ಉಸಾಬರಿ ಏಕೆಂದು ನಗಬೇಡಿ. ಇದರಲ್ಲಿ ಸ್ವಲ್ಪ ಗಣಿತವೂ ಇದೆ, ಹಾಜರಿ ಪುಸ್ತಕವೂ ಇದೆ.

ಮೊದಲು ಲೆಕ್ಕ. ನಮ್ಮ ಒಂದೊಂದು ಚಿತ್ರವನ್ನೂ ಸ್ಕ್ಯಾನ್ ಮಾಡಿದಾಗ ಅಗಲ 3000 ಪಿಕ್ಸೆಲ್, ಎತ್ತರ 2000 ಪಿಕ್ಸೆಲ್ ಬಂದಿತು. ಪಿಕ್ಸೆಲ್ ಎಂದರೆ ಚಿತ್ರವನ್ನು ಕಟ್ಟುವ ಚುಕ್ಕಿ. ಒಟ್ಟು 60 ಲಕ್ಷ ಚುಕ್ಕಿಗಳು. ಅಷ್ಟನ್ನೂ ಅಂಗೈಯಗಲದ ಮೊಬೈಲಿಗೆ ಕಳುಹಿಸುವುದು ವ್ಯರ್ಥ. ಆದ್ದರಿಂದ ಜಾಲತಾಣದ ಸರ್ವರಿನಲ್ಲಿ ಒಂದು ಪ್ರೋಗ್ರಾಂ ಕುಳಿತಿರುತ್ತದೆ. ಯಾರಾದರೂ ಪುಟವನ್ನು ತೆರೆದೊಡನೆ ದೊಡ್ಡ ಚಿತ್ರವನ್ನು ಬೇಕಾದ ಅಳತೆಗೆ ಕುಗ್ಗಿಸಿ ಕೊಡುತ್ತದೆ. ಅಗಲ 300, ಎತ್ತರ 200 ಮಾಡಿದರೆ ಉಳಿಯುವುದು 60 ಸಾವಿರ ಚುಕ್ಕಿ, ಅಂದರೆ ಮೂಲದ ನೂರನೆಯ ಒಂದು ಭಾಗ. ಹಿಂದೆ ಸ್ಟುಡಿಯೋದವರು ಒಂದೇ ನೆಗೆಟಿವ್‌ನಿಂದ ಪಾಸ್‌ಪೋರ್ಟ್ ಅಳತೆ, ಕಾರ್ಡ್ ಅಳತೆ ಎಂದು ಬೇರೆ ಬೇರೆ ಪ್ರತಿ ತೆಗೆದುಕೊಡುತ್ತಿದ್ದರಲ್ಲ, ಅದೇ ಕೆಲಸ. ಆನೆಯನ್ನು ಕನ್ನಡಿಯಲ್ಲಿ ಹಿಡಿದಂತೆ.

ಕುಗ್ಗಿಸುವುದರಲ್ಲಿ ತಪ್ಪಿಲ್ಲ, ಕುಗ್ಗಿಸುವಾಗ ಹೆಸರು ಕಳೆದುಹೋಗುವುದರಲ್ಲಿದೆ. 2009ರಲ್ಲಿ ನಮ್ಮ ತಾಣವನ್ನು ಕಟ್ಟಿಕೊಟ್ಟವರು ಎಲ್ಲ ಚಿತ್ರಗಳನ್ನೂ ಒಂದೇ ಪ್ರೋಗ್ರಾಮಿನ ಬಾಗಿಲಿನಿಂದ ಹೊರಗೆ ಬಿಡುತ್ತಿದ್ದರು. 1991ರ ತಂಡದ ಚಿತ್ರದ ವಿಳಾಸವೆಂದರೆ ಪ್ರೋಗ್ರಾಮಿನ ಹೆಸರು, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಐಡಿ 7, ಅಗಲ 300. ಶಾಲೆಯ ಹೆಸರಿಲ್ಲ, ಊರಿಲ್ಲ, ವರ್ಷವಿಲ್ಲ. ಇದೇ ಚಿತ್ರ ನಾಲ್ಕು ಅಗಲಗಳಲ್ಲಿ ನಾಲ್ಕು ಬೇರೆ ವಿಳಾಸಗಳಿಂದ ಬರುತ್ತಿತ್ತು. 34 ಚಿತ್ರಗಳಿಗೆ 136 ವಿಳಾಸ, ಒಂದರಲ್ಲೂ ಅರ್ಥವುಳ್ಳ ಪದವಿಲ್ಲ. ಸಾಲದ್ದಕ್ಕೆ, ಶೋಧಯಂತ್ರಗಳು ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಎಂದು ಹೇಳುವ 'ರೋಬಾಟ್ಸ್' ಎಂಬ ಕಡತದಲ್ಲಿ ಆ ಪ್ರೋಗ್ರಾಂ ಇರುವ ಜಾಗಕ್ಕೇ ಪ್ರವೇಶ ನಿಷೇಧಿಸಲಾಗಿತ್ತು.

ಇದರ ಫಲವನ್ನು ನಾನು ಕಂಡದ್ದು 2019ರಲ್ಲಿ. 1991ರ ತಂಡದ ಒಬ್ಬ ಹುಡುಗ ಆ ವರ್ಷ ತೀರಿಕೊಂಡ. ನನಗೆ ಇಂದಿಗೂ ಅವನು ಹುಡುಗನೇ. ಅವನ ಮನೆಯಲ್ಲಿ ಮದುವೆಗೆ ಮುಂಚಿನ ಭಾವಚಿತ್ರ ಒಂದೂ ಇರಲಿಲ್ಲ. ಮಗಳು ತಂದೆಯ ಹೆಸರನ್ನೂ ಶಾಲೆಯ ಹೆಸರನ್ನೂ ಕೊಟ್ಟು ಅಂತರ್ಜಾಲದಲ್ಲಿ ಹಲವು ದಿನ ಹುಡುಕಿದ್ದಾಳೆ. ಏನೂ ಸಿಗಲಿಲ್ಲ. ಚಿತ್ರ ಹತ್ತು ವರ್ಷದಿಂದ ಅಲ್ಲಿಯೇ ಇತ್ತು. ಕೊನೆಗೆ ಸೋದರತ್ತೆಯ ಮೂಲಕ ನನ್ನ ಮನೆ ಹುಡುಕಿಕೊಂಡು ಬಂದಳು. ಪುಟ ತೆರೆದು ತೋರಿಸಿದೆ. 300 ಚುಕ್ಕಿಯ ಅಗಲದಲ್ಲಿ ಒಂದು ಸಾಲಿಗೆ 15 ಮಕ್ಕಳು ನಿಂತರೆ ಒಬ್ಬೊಬ್ಬರ ಪಾಲಿಗೆ ಬರುವುದು 20 ಚುಕ್ಕಿ. ಅಷ್ಟರಲ್ಲಿ ಮುಖವೆಲ್ಲಿ ತಿಳಿಯಬೇಕು? ಬೀರುವಿನಲ್ಲಿದ್ದ ರಟ್ಟಿನ ಚಿತ್ರವನ್ನೇ ತೆಗೆದು, ಎರಡನೆಯ ಸಾಲಿನಲ್ಲಿ ಎಡದಿಂದ ಮೂರನೆಯವನನ್ನು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಮೇಷ್ಟ್ರೇ, ಅಪ್ಪನ ಕಿವಿ ನನ್ನ ತಮ್ಮನ ಕಿವಿಯ ಹಾಗೆಯೇ ಇದೆ" ಎಂದಳು.

2020ರ ಲಾಕ್‌ಡೌನ್ ಸಮಯದಲ್ಲಿ ನನ್ನ ತಂಗಿಯ ಮಗ ನಮ್ಮ ಮನೆಯಿಂದಲೇ ಕಚೇರಿಯ ಕೆಲಸ ಮಾಡುತ್ತಿದ್ದ. ರಾತ್ರಿ ಊಟವಾದ ಮೇಲೆ ಇಬ್ಬರೂ ಕೂಡಿ ಈ ಕೆಲಸಕ್ಕೆ ಕೈಹಾಕಿದೆವು. ನಿಮ್ಮಲ್ಲಿ ಊರಿನ ಅಥವಾ ಮನೆತನದ ಜಾಲತಾಣ ನಡೆಸುವವರಿಗೆ ಉಪಯೋಗವಾದೀತೆಂದು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ವಿಳಾಸ. ಕುಗ್ಗಿಸುವ ಪ್ರೋಗ್ರಾಮನ್ನು ಕಿತ್ತುಹಾಕಬೇಕಾಗಿಲ್ಲ. ಅದರ ಮುಂದೆ ಒಂದು ಹೆಸರಿನ ಫಲಕ ತೂಗುಹಾಕಿದರೆ ಸಾಕು. ಸರ್ವರಿನಲ್ಲಿ 'ರೀರೈಟ್' ಎಂಬ ನಿಯಮ ಬರೆಯಬಹುದು. ಹೊರಗಿನವರಿಗೆ ಕಾಣುವ ವಿಳಾಸದಲ್ಲಿ ಶಾಲೆಯ ಹೆಸರು, ಊರು, ವರ್ಷ, ಕೊನೆಯಲ್ಲಿ ಅಗಲ ಇರುತ್ತವೆ. ಒಳಗೆ ಅದು ಹಳೆಯ ಪ್ರೋಗ್ರಾಮಿಗೇ ಹೋಗುತ್ತದೆ. ಪದಗಳ ನಡುವೆ ಅಡಿಗೆರೆಯ ಬದಲು ಅಡ್ಡಗೆರೆ ಹಾಕಬೇಕು. ಹಳೆಯ ವಿಳಾಸಕ್ಕೆ ಬಂದವರನ್ನು, ಅಂಚೆಯವರು ಕಾಗದವನ್ನು ಹೊಸ ಮನೆಗೆ ತಿರುಗಿಸುವಂತೆ, ಹೊಸ ವಿಳಾಸಕ್ಕೆ ಶಾಶ್ವತವಾಗಿ ತಿರುಗಿಸಬೇಕು. ವಿಳಾಸವನ್ನು ಕನ್ನಡದಲ್ಲೇ ಬರೆಯಬೇಕೆಂಬ ಆಸೆ ನನಗಿತ್ತು. ಶೋಧಯಂತ್ರ ಅದನ್ನು ಓದಬಲ್ಲದು. ಆದರೆ ಕೊಂಡಿಯನ್ನು ನಕಲು ಮಾಡಿ ಕಳುಹಿಸುವಾಗ ಅನೇಕ ವೇಳೆ ಕನ್ನಡದ ಒಂದೊಂದು ಚಿಹ್ನೆಯೂ ಶೇಕಡಾ ಗುರುತುಗಳ ಸಹಿತ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. 'ಶಾಲೆ' ಎಂಬ ಪುಟ್ಟ ಪದಕ್ಕೆ 36 ಅಕ್ಷರ! ಆದ್ದರಿಂದ ವಿಳಾಸಕ್ಕೆ ಇಂಗ್ಲಿಷ್ ಲಿಪಿ, ಪುಟದ ಬರೆಹಕ್ಕೆಲ್ಲ ಕನ್ನಡ ಎಂದು ನಿರ್ಧರಿಸಿದೆವು.

ಎರಡನೆಯದು ಅಳತೆ. ಯಾರು ಯಾವ ಅಗಲ ಕೇಳಿದರೂ ಕೊಡುವ ಪ್ರೋಗ್ರಾಂ ಅಪಾಯಕಾರಿ. ಸರ್ವರಿಗೆ ಆಯಾಸ, ಶೋಧಯಂತ್ರಕ್ಕೆ ಗೊಂದಲ. ನಾವು 320, 640, 1280 ಎಂಬ ಮೂರನ್ನೇ ಉಳಿಸಿಕೊಂಡೆವು. ಪುಟದಲ್ಲಿ ಮುಖ್ಯ ಚಿತ್ರವಾಗಿ 1280ರ ವಿಳಾಸವನ್ನೇ ಕೊಟ್ಟು, ಉಳಿದವನ್ನು 'ಎಸ್‌ಆರ್‌ಸಿಸೆಟ್' ಎಂಬ ಪಟ್ಟಿಯಲ್ಲಿ ಸೇರಿಸಿದೆವು. ಮೊಬೈಲು ತನಗೆ ಹೊಂದುವುದನ್ನು ಆರಿಸಿಕೊಳ್ಳುತ್ತದೆ, ಶೋಧಯಂತ್ರಕ್ಕೆ ಮುಖ್ಯವಾದುದು ಯಾವುದೆಂದು ತಿಳಿಯುತ್ತದೆ. ವರ್ಡ್‌ಪ್ರೆಸ್ ಬಳಸುವವರಿಗೆ 2015ರಿಂದ ಈ ಪಟ್ಟಿ ತಾನಾಗಿಯೇ ಬರುತ್ತದೆ. ಒಂದೇ ಚಿತ್ರವನ್ನು ಎಲ್ಲ ಪುಟಗಳಲ್ಲೂ ಒಂದೇ ವಿಳಾಸದಿಂದ ಕರೆಯಿರಿ ಎಂದು ಗೂಗಲ್ ಸಂಸ್ಥೆಯೂ ಸಲಹೆ ಕೊಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಚಿತ್ರ ಕುಗ್ಗಿಸಲು ಒಂದು ಕಾಲದಲ್ಲಿ ಟಿಮ್‌ಥಂಬ್ ಎಂಬ ಪ್ರೋಗ್ರಾಂ ಬಹಳ ಪ್ರಸಿದ್ಧವಾಗಿತ್ತು. ನಂಬಿಕಸ್ಥ ತಾಣಗಳಿಂದ ಮಾತ್ರ ಚಿತ್ರ ತರುತ್ತೇನೆಂದು ಅದರ ನಿಯಮ. ಆದರೆ ನಂಬಿಕಸ್ಥ ತಾಣದ ಹೆಸರು ವಿಳಾಸದಲ್ಲಿ ಎಲ್ಲಾದರೂ ಬಂದಿದೆಯೇ ಎಂದಷ್ಟೇ ನೋಡುತ್ತಿತ್ತು. ಹೆಡ್ಮಾಸ್ಟರ ಹೆಸರು ಎಲ್ಲೋ ಒಂದೆಡೆ ಕಂಡರೆ ಸಾಕು, ಸಹಿಯನ್ನು ನೋಡದೆ ರಜಾ ಚೀಟಿಯನ್ನು ಒಪ್ಪುವ ಜವಾನನ ಹಾಗೆ. 2011ರಲ್ಲಿ ಕಳ್ಳರು ಆ ಸಂದಿಯಿಂದ ನುಗ್ಗಿದರು. 2014ರಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರೇ ಅದರ ಪೋಷಣೆ ನಿಲ್ಲಿಸಿದರು. ಹಳೆಯ ತಾಣಗಳಲ್ಲಿ ಅದು ಇನ್ನೂ ಕುಳಿತಿದ್ದರೆ ತೆಗೆದುಹಾಕಿ.

ಮೂರನೆಯದು ಮಾತು. ಚಿತ್ರಕ್ಕೆ 'ಆಲ್ಟ್' ಎಂಬ ಬದಲಿ ಬರೆಹ ಕೊಡಬೇಕು. 1995ರ ಎಚ್‌ಟಿಎಂಎಲ್ 2.0ರಲ್ಲಿಯೇ ಇದಕ್ಕೆ ಸ್ಥಾನವಿತ್ತು. ಇದು ಚಿತ್ರವನ್ನು ಕಾಣಲಾಗದವರಿಗಾಗಿ ಇರುವ ವ್ಯವಸ್ಥೆ. ಶೋಧಯಂತ್ರವೂ ಅದರಿಂದ ಪ್ರಯೋಜನ ಪಡೆಯುತ್ತದೆ. 1996ರ ತಂಡದ ಒಬ್ಬ ಶಿಷ್ಯ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡಿದ್ದಾನೆ. ಪುಟವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಅವನ ಬಳಿ ಇದೆ. ನಮ್ಮ ಹಳೆಯ ಪುಟದಲ್ಲಿ ಆಲ್ಟ್ ಇಲ್ಲದ್ದರಿಂದ ಅದು ಅವನಿಗೆ ಓದಿ ಹೇಳುತ್ತಿದ್ದುದು ವಿಳಾಸದ "ಐಡಿ 12, ಅಗಲ 300" ಎಂಬುದನ್ನು. "ಸಾರ್, ನಮ್ಮ ಕ್ಲಾಸು ಅಷ್ಟೇನಾ?" ಎಂದು ನಕ್ಕಿದ್ದ. ಶೋಧಯಂತ್ರಕ್ಕೆ ಕೇಳಿಸುತ್ತಿದ್ದುದೂ ಅಷ್ಟೇ.

ಆಲ್ಟ್‌ನಲ್ಲಿ 60 ಹೆಸರು ತುರುಕಬಾರದು. ತರಗತಿ, ಶಾಲೆ, ಊರು, ವರ್ಷ ಇಷ್ಟು ಸಾಕು. ಹೆಸರುಗಳನ್ನು ಚಿತ್ರದ ಕೆಳಗೆ ಸಾಲುಸಾಲಾಗಿ, ಎಡದಿಂದ ಬಲಕ್ಕೆ, ಸಾಮಾನ್ಯ ಬರೆಹವಾಗಿಯೇ ಕೊಟ್ಟೆವು. ಆಮೇಲೆ ನಿಷೇಧದ ಸಾಲನ್ನು ತೆಗೆದು, ಚಿತ್ರಗಳ ವಿಳಾಸಗಳನ್ನು ಸೈಟ್‌ಮ್ಯಾಪಿನಲ್ಲಿ ಸೇರಿಸಿದೆವು.

ತಾಂತ್ರಿಕ ಕೆಲಸ ಎರಡು ವಾರದಲ್ಲಿ ಮುಗಿಯಿತು. ಹೆಸರಿನ ಕೆಲಸಕ್ಕೆ ನಾಲ್ಕು ತಿಂಗಳು ಬೇಕಾಯಿತು, ಇನ್ನೂ ಮುಗಿದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಮುಖವಿಲ್ಲ. ಚಿತ್ರದಲ್ಲಿ ಮುಖವಿದೆ, ಹೆಸರಿಲ್ಲ. ಒಂದೇ ತರಗತಿಯಲ್ಲಿ ನಾಲ್ವರು ಮಂಜುನಾಥರು. ಹೆಣ್ಣುಮಕ್ಕಳ ವಿಷಯವಂತೂ ಇನ್ನೂ ಕಷ್ಟ. ಮದುವೆಯಾದ ಮೇಲೆ ಇನಿಷಿಯಲ್ ಬದಲಾಗುತ್ತದೆ, ಕೆಲವರ ಹೆಸರೇ ಬದಲಾಗುತ್ತದೆ. ಈಗಿನ ಹೆಸರಿನಿಂದ ಹುಡುಕುವ ಮಗನಿಗೆ ಶಾಲೆಯ ಹೆಸರಿನಲ್ಲಿರುವ ತಾಯಿ ಸಿಗುವುದಿಲ್ಲ. ಆದ್ದರಿಂದ ಒಪ್ಪಿದವರ ಎರಡೂ ಹೆಸರುಗಳನ್ನು ಬರೆದೆವು. ಬೇಡವೆಂದವರ ಹೆಸರನ್ನು ಬರೆಯಲಿಲ್ಲ. ಅದೂ ಅವರ ಹಕ್ಕು.

ಈಗಿನ ಯಂತ್ರಗಳು ಚಿತ್ರವನ್ನು ನೋಡಿಯೇ ಅದರಲ್ಲಿರುವುದನ್ನು ಗುರುತಿಸುತ್ತವಲ್ಲ, ಈ ಶ್ರಮವೇಕೆ ಎಂದು ಕೆಲವರು ಕೇಳಿದರು. ನಿಜ, ಸಮವಸ್ತ್ರ ತೊಟ್ಟ ಮಕ್ಕಳು ಕಟ್ಟಡದ ಮುಂದೆ ನಿಂತಿದ್ದಾರೆ ಎಂಬಷ್ಟನ್ನು ಯಂತ್ರ ಹೇಳೀತು. ಎರಡನೆಯ ಸಾಲಿನ ಮೂರನೆಯ ಹುಡುಗ ಮಳೆಗಾಲದಲ್ಲೂ ಆರು ಮೈಲಿ ನಡೆದು ಬರುತ್ತಿದ್ದವನೆಂದು, ಅವನ ಹೆಸರು ಇದೆಂದು ಅದಕ್ಕೆ ಯಾರು ಹೇಳಬೇಕು? ಬಲ್ಲವರು ನಾವೇ, ನಮ್ಮಲ್ಲೂ ವರ್ಷಕ್ಕೊಬ್ಬರಿಬ್ಬರು ಕಡಿಮೆಯಾಗುತ್ತಿದ್ದೇವೆ. 1985ರ ಚಿತ್ರದಲ್ಲಿ ಕುರ್ಚಿಯ ಮೇಲೆ ಕುಳಿತಿರುವ ಎಂಟು ಮಂದಿ ಉಪಾಧ್ಯಾಯರಲ್ಲಿ ಇಂದು ಉಳಿದಿರುವವನು ನಾನೊಬ್ಬನೇ.

ಆದ್ದರಿಂದ ಒಂದು ಕೋರಿಕೆ. 1988ರ ಚಿತ್ರದಲ್ಲಿ ಹಿಂದಿನ ಸಾಲಿನ ಬಲತುದಿಯ ಇಬ್ಬರು, 1993ರಲ್ಲಿ ನೆಲದ ಮೇಲೆ ಕುಳಿತ ಎಡತುದಿಯ ಹುಡುಗಿ, 2001ರಲ್ಲಿ ಕನ್ನಡಕ ಹಾಕಿದ ಎತ್ತರದ ಹುಡುಗ, ಇವರ ಹೆಸರುಗಳು ಇನ್ನೂ ಖಾಲಿ ಇವೆ. ಬಲ್ಲವರು ತಿಳಿಸಿ. ಖಚಿತವಿಲ್ಲದಿದ್ದರೆ ನಿಮ್ಮ ತಂಡದ ಇನ್ನೊಬ್ಬರನ್ನು ಕೇಳಿ ತಿಳಿಸಿ. ಆ ನೆಪದಲ್ಲಾದರೂ ನಿಮ್ಮ ನಿಮ್ಮಲ್ಲಿ ಮಾತುಕತೆಯಾಗಲಿ.

ಇಂತಿ,
ನಿಮ್ಮ ಗಣಿತದ ಮೇಷ್ಟ್ರು